ಸಂಪಾದಕರ ಉತ್ತರ: ಹುಪ್ಪಾದ ಕೆಳಗಿನ ಮದುವೆ, ಸರ್ಕಾರದ ಪುಸ್ತಕದ ಮದುವೆ

ಶಿವಮೊಗ್ಗದ ಓದುಗರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದದಲ್ಲಿ ಏನಿದೆ ಅಂತ ಮೊದಲು ಉಳಿದ ಓದುಗರಿಗೆ ಹೇಳಿಬಿಡುತ್ತೇನೆ. ನಿಮ್ಮ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದಾರೆ. ಅವರ ಆಫೀಸಿನ ಇಬ್ಬರು ಗಂಡಸರು ಅಲ್ಲಿನ ಕಾನೂನಿನ ಪ್ರಕಾರ ಮದುವೆಯಾದರು. ಪಕ್ಕದ ಮೇಜಿನಲ್ಲಿ ಕೂರುವವರು ಸಂಪ್ರದಾಯಸ್ಥ ಯಹೂದಿ. ಅವರು ಶುಭಾಶಯದ ಕಾರ್ಡಿಗೆ ಸಹಿ ಹಾಕಿದರು, ಉಡುಗೊರೆಗೆ ತಮ್ಮ ಪಾಲಿನ ದುಡ್ಡೂ ಕೊಟ್ಟರು. ಮದುವೆಗೆ ಮಾತ್ರ ಹೋಗಲಿಲ್ಲ. 'ನಮ್ಮ ಧರ್ಮದಲ್ಲಿ ಇದಕ್ಕೆ ಜಾಗ ಇಲ್ಲ' ಅಂದರು. 'ಹಾಗಾದರೆ ಈ ಕಾನೂನು ಹೋಗಬೇಕಾ?' ಅಂತ ನಿಮ್ಮ ಮಗ ಕೇಳಿದ್ದಕ್ಕೆ, 'ಬೇಡ, ಅದು ಬೇರೆ ವಿಷಯ' ಅಂದರಂತೆ. ಇದು ಎರಡು ನಾಲಿಗೆಯ ಮಾತಲ್ವಾ ಅಂತ ನೀವು ಕೇಳಿದ್ದೀರಿ. ಜೊತೆಗೆ ಇನ್ನೊಂದು ಪ್ರಶ್ನೆ. ಇಸ್ರೇಲ್ ಸಲಿಂಗ ಮದುವೆಯನ್ನು ಒಪ್ಪಿದ ದೇಶ ಅಂತ ಕಳೆದ ಸಂಚಿಕೆಯಲ್ಲಿ ನಾವೇ ಒಂದು ಸಾಲು ಹಾಕಿದ್ದೆವು. ಧರ್ಮ ಒಪ್ಪದ್ದನ್ನು ಯಹೂದಿಗಳ ದೇಶ ಹೇಗೆ ಒಪ್ಪಿತು?

ಆ ಸಾಲು ತಪ್ಪು. ಅದನ್ನು ಕೊನೆಗೆ ತಿದ್ದುತ್ತೇನೆ. ಮೊದಲು ಆ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ನನಗೆ ಅದರಲ್ಲಿ ಎರಡು ನಾಲಿಗೆ ಕಾಣಲಿಲ್ಲ. ಯಾಕೆ ಅಂತ ಹೇಳುವುದಕ್ಕೆ ಥಾಣೆಯ ಒಂದು ಮದುವೆಯಿಂದ ಶುರು ಮಾಡಬೇಕು.

ವರ್ಷಗಳ ಹಿಂದೆ ಮುಂಬೈಯಲ್ಲಿ ಕೆಲಸ ಮಾಡುವಾಗ ನನ್ನ ಜೊತೆಗಿದ್ದ ಒಬ್ಬ ಬೆನೆ ಇಸ್ರೇಲಿ ಗೆಳೆಯನ ತಂಗಿಯ ಮದುವೆಗೆ ಹೋಗಿದ್ದೆ. ಬೆನೆ ಇಸ್ರೇಲಿಗಳು ಅಂದರೆ ಕೊಂಕಣ ಕರಾವಳಿಯಲ್ಲಿ ತಲೆತಲಾಂತರದಿಂದ ಇರುವ, ಮನೆಯಲ್ಲಿ ಮರಾಠಿ ಆಡುವ ಯಹೂದಿಗಳು. ಹುಡುಗಿಯ ಕೈತುಂಬ ಮೆಹಂದಿ ಇತ್ತು. ಸಿನಗಾಗಿನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ನಡುವೆ ಹುಡುಗ ಕಾದು ನಿಂತಿದ್ದ. ಮದುವೆಯ ಕರಾರುಪತ್ರಕ್ಕೆ ಅವರು ಕೆತುಬಾ ಅನ್ನುತ್ತಾರೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಹುಡುಗಿಯ ಸೋದರಮಾವ ಸಂಭ್ರಮದಲ್ಲಿ ಎದ್ದು ಬಂದು ಪೆನ್ನು ತೆಗೆದುಕೊಂಡರು. ಮದುವೆ ನಡೆಸುತ್ತಿದ್ದ ಹಿರಿಯರು ಮೆತ್ತಗೆ ಅವರ ಕೈ ಹಿಡಿದು ನಿಲ್ಲಿಸಿದರು. ರಕ್ತಸಂಬಂಧಿ ಸಾಕ್ಷಿ ಆಗುವ ಹಾಗಿಲ್ಲ. ಮಾವನ ಮುಖ ಸಪ್ಪೆಯಾಯಿತು. ಹಿಂದಿನ ಸಾಲಿನಿಂದ ಸಂಬಂಧವೇ ಇಲ್ಲದ ಇಬ್ಬರನ್ನು ಕರೆದು ಸಹಿ ಹಾಕಿಸಿದರು. ಆಮೇಲೆ ಹುಡುಗ ಉಂಗುರ ತೊಡಿಸಿ ಹೀಬ್ರೂನಲ್ಲಿ ಒಂದು ವಾಕ್ಯ ಹೇಳಿದ. 'ಮೋಶೆ ಮತ್ತು ಇಸ್ರೇಲಿನ ಧರ್ಮದ ಪ್ರಕಾರ ಈ ಉಂಗುರದಿಂದ ನೀನು ನನಗೆ ಮೀಸಲು' ಎಂದು ಅದರ ಅರ್ಥ. ಆ ಉಂಗುರ ಹುಡುಗನ ಸ್ವಂತದ್ದೇ ಆಗಿರಬೇಕು. ಹರಳು ಕೂರಿಸದ ಸಾದಾ ಉಂಗುರವೇ ವಾಡಿಕೆ.

ಮುಂದಿನ ವಾರ ಆ ಇಬ್ಬರೂ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿದರು. ಅಲ್ಲಿ ಸಾಕ್ಷಿ ಹಾಕಿದ್ದು ಅದೇ ಸೋದರಮಾವ. ಯಾರೂ ತಡೆಯಲಿಲ್ಲ.

ನನಗೆ ಇವತ್ತಿಗೂ ನೆನಪಿರುವುದು ಮಾವನ ಆ ಎರಡು ಸಹಿ. ಒಂದು ಕಡೆ ನಡೆಯದ್ದು ಇನ್ನೊಂದು ಕಡೆ ನಡೆಯಿತು. ಹಲಾಖಾ, ಅಂದರೆ ಯಹೂದಿ ಧರ್ಮಶಾಸ್ತ್ರ, ಮದುವೆಯನ್ನು ನೋಡುವುದೇ ಹೀಗೆ. ಅವರ ಪಾಲಿಗೆ ಅದೊಂದು ಕರಾರು. ಯಾರು, ಯಾರಿಗೆ, ಯಾವ ಮಾತಿನಿಂದ, ಯಾರ ಎದುರಿಗೆ ಅನ್ನುವುದೆಲ್ಲ ಸರಿಯಿದ್ದರೆ ಮಾತ್ರ ಅದು 'ಕಿದ್ದುಶಿನ್', ಪವಿತ್ರ ಬಂಧ. ಒಂದು ಎಳೆ ತಪ್ಪಿದರೂ ಅದರ ಸಿಂಧುತ್ವಕ್ಕೇ ಪ್ರಶ್ನೆ ಬರುತ್ತದೆ. ಅದು ಸಿಂಧುವಾಗಿದ್ದರೆ ಬಿಡಿಸುವುದಕ್ಕೆ 'ಗೆತ್' ಎಂಬ ಬಿಡುಗಡೆ ಪತ್ರವೇ ಬೇಕು. ಆ ಪತ್ರವನ್ನು ಗಂಡ ಕೊಡಬೇಕು. ಕೊಡದಿದ್ದರೆ ಹೆಂಡತಿ ವರ್ಷಗಟ್ಟಲೆ ಕಟ್ಟಿಹಾಕಿದ ಹಾಗೆ ಉಳಿಯುತ್ತಾಳೆ.

ಈಗ ಸಲಿಂಗ ಸಂಬಂಧದ ಬಗ್ಗೆ ಅವರ ಶಾಸ್ತ್ರ ಏನು ಹೇಳುತ್ತದೆ ಅಂತ ನೋಡೋಣ. ಎಲ್ಲರೂ ತೋರಿಸುವುದು ಬೈಬಲಿನ ಯಾಜಕಕಾಂಡದ 18ನೇ ಅಧ್ಯಾಯದ 22ನೇ ವಾಕ್ಯವನ್ನು. ಹೆಣ್ಣಿನೊಡನೆ ಮಲಗುವಂತೆ ಗಂಡಿನೊಡನೆ ಮಲಗಬಾರದು ಅನ್ನುವ ನಿಷೇಧ ಅದು. 20ನೇ ಅಧ್ಯಾಯದಲ್ಲಿ ಅದಕ್ಕೆ ಮರಣದಂಡನೆ ಹೇಳಿದೆ. ಹೆಣ್ಣು ಹೆಣ್ಣಿನ ಸಂಬಂಧದ ಮಾತು ತೋರಾದಲ್ಲಿ, ಅಂದರೆ ಮೋಶೆಯ ಐದು ಗ್ರಂಥಗಳಲ್ಲಿ, ನೇರವಾಗಿ ಇಲ್ಲ. 12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡಿಸ್ ಅದನ್ನೂ ನಿಷಿದ್ಧ ಎಂದೇ ಬರೆದರು. ಆದರೆ ಗಂಡಸರಿಗೆ ಹೇಳಿದಷ್ಟು ಭಾರದ ಅಪರಾಧ ಅಂತ ಎಣಿಸಲಿಲ್ಲ.

ಇದೆಲ್ಲ ನಡತೆಯ ಮಾತಾಯಿತು. ಮದುವೆಯ ಮಾತು ಬೇರೆ ಕಡೆ ಇದೆ. ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಅದೇ. ಯಾಜಕಕಾಂಡಕ್ಕೆ 'ಸಿಫ್ರಾ' ಎಂಬ ಹಳೆಯ ವ್ಯಾಖ್ಯಾನ ಇದೆ. ಈಜಿಪ್ಟ್ ಮತ್ತು ಕಾನಾನ್ ದೇಶದವರ ಆಚಾರ ಹಿಡಿಯಬೇಡಿ ಎಂದು ಯಾಜಕಕಾಂಡ ಹೇಳುತ್ತದೆ. ಅವರು ಮಾಡುತ್ತಿದ್ದುದಾದರೂ ಏನು ಅಂತ ಸಿಫ್ರಾ ಕೇಳಿಕೊಂಡು ತಾನೇ ಉತ್ತರ ಕೊಡುತ್ತದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುತ್ತಿದ್ದರು ಅನ್ನುತ್ತದೆ. ಇನ್ನೊಂದು ಮಾತು ತಾಲ್ಮುದ್‌ನ, ಅಂದರೆ ಯಹೂದಿ ಪಂಡಿತರ ಚರ್ಚೆಗಳ ಹಳೆಯ ಸಂಗ್ರಹದ, 'ಹುಲ್ಲಿನ್' ಭಾಗದಲ್ಲಿದೆ. ಉಲ್ಲಾ ಎಂಬ ಪಂಡಿತರು ಅಲ್ಲಿ ಹೀಗೆ ಹೇಳುತ್ತಾರೆ: ನೋಹನ ಮಕ್ಕಳು 30 ಆಜ್ಞೆ ಒಪ್ಪಿಕೊಂಡರು, ಉಳಿಸಿಕೊಂಡಿದ್ದು ಮೂರನ್ನು ಮಾತ್ರ. ಆ ಮೂರರಲ್ಲಿ ಒಂದು, ಗಂಡಸರ ನಡುವೆ ಕೆತುಬಾ ಬರೆಯದೆ ಇರುವುದು. ನೋಹನ ಮಕ್ಕಳು ಅಂದರೆ ಇಡೀ ಮನುಕುಲ, ಯಹೂದಿಗಳಲ್ಲದ ನಾವೂ ನೀವೂ ಸೇರಿ. ಇದಕ್ಕೆ ರಾಶಿ ಎಂಬ ಹೆಸರಾಂತ ವ್ಯಾಖ್ಯಾನಕಾರರ ವಿವರಣೆ ಇನ್ನೂ ಬಿಚ್ಚಿ ಹೇಳುತ್ತದೆ. ಅವರು ಆ ಸಂಬಂಧವನ್ನು ಇಟ್ಟುಕೊಂಡಿರಬಹುದು, ಆದರೆ ಅದಕ್ಕೆ ಮದುವೆಯ ಪತ್ರ ಬರೆಯುವ ಮಟ್ಟಕ್ಕೆ ಇಳಿದಿಲ್ಲ ಎಂದು.

ಸರ್ಕಾರದ ಕಾನೂನನ್ನು ವಿರೋಧಿಸುವ ಯಹೂದಿಗಳು ಆಧಾರ ಮಾಡಿಕೊಳ್ಳುವುದು ಈ ಮಾತನ್ನು. ಅವರ ತರ್ಕಕ್ಕೆ ತೂಕ ಇದೆ, ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಯಹೂದಿಗಳಿಗೆ 613 ಆಜ್ಞೆಗಳು, ಉಳಿದವರಿಗೆ ನೋಹನ 7 ಆಜ್ಞೆಗಳು ಎಂಬುದು ಅವರ ಶಾಸ್ತ್ರ. ಆ ಏಳರಲ್ಲಿ ನಿಷಿದ್ಧ ಲೈಂಗಿಕ ಸಂಬಂಧವೂ ಸೇರಿದೆ. ಹಾಗಾಗಿ ಈ ನಿಷೇಧ ತಮಗಷ್ಟೇ ಸೀಮಿತ ಅಲ್ಲ ಅನ್ನುತ್ತಾರೆ ಇವರು. ಮನೆಯೊಳಗೆ ನಡೆಯುವುದಕ್ಕಿಂತ, ಸರ್ಕಾರ ಮುದ್ರೆ ಒತ್ತಿ ಕೊಡುವ ಪತ್ರವೇ ಹೆಚ್ಚು ಭಾರದ್ದು ಅನ್ನುವುದು ಅವರ ವಾದ. 2011ರಲ್ಲಿ ನ್ಯೂಯಾರ್ಕ್ ರಾಜ್ಯ ಸಲಿಂಗ ಮದುವೆಯ ಕಾನೂನು ಮಾಡುವಾಗ ಅಗುದತ್ ಇಸ್ರೇಲ್ ಆಫ್ ಅಮೆರಿಕ, ಆರ್ಥಡಾಕ್ಸ್ ಯೂನಿಯನ್ ಎಂಬ ಸಂಪ್ರದಾಯಸ್ಥ ಯಹೂದಿ ಸಂಸ್ಥೆಗಳೆರಡೂ ವಿರೋಧಿಸಿದ್ದವು.

ಆದರೆ ಅದೇ ಶಾಸ್ತ್ರವನ್ನು ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸುವ ಬೇರೆಯವರೂ ಇದ್ದಾರೆ. ನಿಮ್ಮ ಮಗನ ಸಹೋದ್ಯೋಗಿ ಬಹುಶಃ ಆ ಗುಂಪಿನವರು. ಅವರು ಕೇಳುವುದು ಇಷ್ಟೇ: ಅಮೆರಿಕದ ಸರ್ಕಾರ 'ಮದುವೆ' ಅಂದಾಗ ಅದು ನಮ್ಮ ಮದುವೆಯನ್ನು ಯಾವತ್ತಾದರೂ ಹೇಳಿತ್ತಾ? ಯಹೂದಿ ಹುಡುಗ ಕ್ರೈಸ್ತ ಹುಡುಗಿಯನ್ನು ಮದುವೆಯಾದರೆ ಹಲಾಖಾ ಪ್ರಕಾರ ಅದು ಮದುವೆಯೇ ಅಲ್ಲ, ಸರ್ಕಾರಕ್ಕೆ ಮದುವೆ. ಕೊಹೆನ್ ಅಂದರೆ ಪುರೋಹಿತ ವಂಶದವನು. ಅವನು ವಿಚ್ಛೇದನ ಆದ ಹೆಣ್ಣನ್ನು ಮದುವೆಯಾಗುವ ಹಾಗಿಲ್ಲ. ಅದೂ ಯಾಜಕಕಾಂಡದಲ್ಲೇ ಇದೆ, ಮೂರು ಅಧ್ಯಾಯ ಮುಂದೆ. ಸರ್ಕಾರ ಅದನ್ನೂ ನೋಂದಾಯಿಸುತ್ತದೆ. ಗೆತ್ ಇಲ್ಲದೆ ಮರುಮದುವೆಯಾದ ಹೆಂಗಸಿನದು ಶಾಸ್ತ್ರದ ಕಣ್ಣಿಗೆ ವ್ಯಭಿಚಾರ, ಕೋರ್ಟಿನ ಕಣ್ಣಿಗೆ ಎರಡನೇ ಮದುವೆ. ಇಂಥ ಮದುವೆಗಳನ್ನು ಸರ್ಕಾರ ನೋಂದಾಯಿಸಲೇಬಾರದು ಅಂತ ಅಮೆರಿಕದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಚಳವಳಿ ಕಟ್ಟಿದ್ದನ್ನು ನಾನು ಕೇಳಿಲ್ಲ. ಹಾಗಿದ್ದ ಮೇಲೆ ಇದೊಂದಕ್ಕೇ ಯಾಕೆ?

ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ನಾನು ಇನ್ನೂ ಓದಿಲ್ಲ. ಓದಿದಷ್ಟೂ ಈ ಎರಡನೇ ಗುಂಪಿನ ಕಡೆಗೇ ನನ್ನ ಮನಸ್ಸು ವಾಲಿದೆ.

20ನೇ ಶತಮಾನದಲ್ಲಿ ಅಮೆರಿಕದ ಇಬ್ಬರು ದೊಡ್ಡ ರಬ್ಬಿಗಳು ಇದಕ್ಕೆ ಹತ್ತಿರದ ಒಂದು ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದರು. ಬರೀ ಸರ್ಕಾರಿ ಕಚೇರಿಯಲ್ಲಿ ಮದುವೆಯಾದ ಯಹೂದಿ ಗಂಡು ಹೆಣ್ಣು ಬೇರೆಯಾದರೆ ಗೆತ್ ಬೇಕಾ? ಬೇಕು ಅಂದರು ಯೋಸೆಫ್ ಎಲಿಯಾಹು ಹೆನ್ಕಿನ್. ಗಂಡ ಹೆಂಡತಿ ಅಂತ ಊರಿಗೆಲ್ಲ ಗೊತ್ತಿದ್ದು ಬಾಳಿದ್ದಾರಲ್ಲ, ಅದೇ ಬಂಧ ಎನ್ನುವುದು ಅವರ ನಿಲುವು. ಮೋಶೆ ಫೈನ್‌ಸ್ಟೈನ್ ಹಾಗೆ ನೋಡಲಿಲ್ಲ. ಗೆತ್ ಸಿಕ್ಕರೆ ತೆಗೆದುಕೊಳ್ಳಲಿ. ಸಿಗುವುದೇ ಇಲ್ಲ, ಹೆಂಗಸಿನ ಬದುಕು ನಿಂತುಹೋಗುತ್ತದೆ ಅನ್ನುವ ಸ್ಥಿತಿಯಲ್ಲಿ ಅದಿಲ್ಲದೆಯೂ ಆಕೆ ಮರುಮದುವೆಯಾಗಬಹುದು, ಯಾಕೆಂದರೆ ಸರ್ಕಾರಿ ಮದುವೆ ಕಿದ್ದುಶಿನ್ ಅಲ್ಲ ಅಂದರು. ಸಲಿಂಗ ಸಂಬಂಧದ ಬಗ್ಗೆ ಫೈನ್‌ಸ್ಟೈನ್ ಬರೆದದ್ದು ಬಹಳ ಕಠೋರ. ಅವರನ್ನು ಉದಾರವಾದಿ ಅಂತ ಯಾರೂ ಕರೆಯಲ್ಲ. ಆದರೂ ಗಂಡು ಹೆಣ್ಣು ನಗರಸಭೆಯಲ್ಲಿ ಹಾಕಿದ ಸಹಿಯೇ ತಮ್ಮ ಲೆಕ್ಕದ ಮದುವೆ ಅಲ್ಲ ಎಂದ ಮೇಲೆ, ಅದೇ ಪುಸ್ತಕದಲ್ಲಿ ಇಬ್ಬರು ಗಂಡಸರು ಸಹಿ ಹಾಕಿದರೆ ಧರ್ಮದ ಯಾವ ಸಾಲು ಅಳಿಸಿಹೋಗುತ್ತದೆ?

'ದಿನಾ ದೆ ಮಲ್ಖುತಾ ದಿನಾ' ಎಂಬ ಇನ್ನೊಂದು ಸೂತ್ರ ಇದೆ. 'ರಾಜ್ಯದ ಕಾನೂನೂ ಕಾನೂನೇ' ಎಂದು ಅರ್ಥ. 3ನೇ ಶತಮಾನದಲ್ಲಿ ಬಾಬಿಲೋನಿನ ಪಂಡಿತ ಶಮುವೇಲ್ ಹೇಳಿದ್ದು. ತೆರಿಗೆ, ಜಮೀನು, ಪತ್ರ, ಸಾಲ ಇಂಥ ದುಡ್ಡಿನ ವ್ಯವಹಾರಕ್ಕೆ ಇದು ಅನ್ವಯ. ಪಾಪ ಪುಣ್ಯದ ಲೆಕ್ಕಕ್ಕೆ ಅಲ್ಲ. ರಾಜ ಹೇಳಿದ ಮಾತ್ರಕ್ಕೆ ಹಂದಿಮಾಂಸ ತಿನ್ನಬಹುದು ಅಂತಾಗುವುದಿಲ್ಲ. ಹಾಗೆಯೇ ರಾಜ ನೋಂದಾಯಿಸಿದ ಮಾತ್ರಕ್ಕೆ ಹುಪ್ಪಾದ ಕೆಳಗೆ, ಅಂದರೆ ಮದುವೆಯ ಚಪ್ಪರದ ಕೆಳಗೆ, ಯಾರೂ ಹೊಸದಾಗಿ ನಿಲ್ಲಬೇಕಾಗಿಲ್ಲ. ಬೇರೆಯವರ ರಾಜ್ಯದಲ್ಲಿ ಸಣ್ಣ ಗುಂಪಾಗಿ ಬಾಳಿದ ಜನ ಕಂಡುಕೊಂಡ ದಾರಿ ಇದು. ರಾಜನ ಕಾನೂನಿಗೆ ತಲೆಬಾಗಿಯೂ ತಮ್ಮ ಧರ್ಮವನ್ನು ಬಿಡದೆ ಬಾಳುವುದನ್ನು ಅವರು ಆಗಲೇ ಕಲಿತಿದ್ದರು.

2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಸಲಿಂಗ ಮದುವೆಯನ್ನು ಕಾನೂನುಬದ್ಧ ಮಾಡಿತು. ನಿಮ್ಮ ಮಗ ಇರುವ ನ್ಯೂಜೆರ್ಸಿಯಲ್ಲಿ 2013ರ ಅಕ್ಟೋಬರ್‌ನಿಂದಲೇ ಇತ್ತು. ತೀರ್ಪು ಬಂದಾಗ ಆರ್ಥಡಾಕ್ಸ್ ಯೂನಿಯನ್ ಒಂದು ಹೇಳಿಕೆ ಕೊಟ್ಟಿತು. ನಾಲ್ಕು ವರ್ಷದ ಹಿಂದೆ ನ್ಯೂಯಾರ್ಕ್‌ನಲ್ಲಿ ವಿರೋಧಿಸಿದ ಅದೇ ಸಂಸ್ಥೆ. ನಮ್ಮ ಧರ್ಮಗ್ರಂಥಗಳ ನಿಷೇಧ ಬದಲಾಗಿಲ್ಲ ಅಂತ ಮೊದಲೇ ಸ್ಪಷ್ಟವಾಗಿ ಹೇಳಿತು. ಜೊತೆಗೆ, ತನ್ನ ನಂಬಿಕೆಯನ್ನು ಇಡೀ ದೇಶದ ಮೇಲೆ ಹೇರುವ ಹಕ್ಕು ಯಾವ ಧರ್ಮಕ್ಕೂ ಇಲ್ಲ, ದೇಶದ ಕಾನೂನು ಯಾವಾಗಲೂ ನಮ್ಮ ನಿಲುವಿನ ಹಾಗೇ ಇರಲಿ ಎಂದು ನಾವು ನಿರೀಕ್ಷಿಸುವುದೂ ಇಲ್ಲ ಎಂಬ ಅರ್ಥದ ಮಾತನ್ನೂ ಆಡಿತು. ಧಾರ್ಮಿಕ ಸಂಸ್ಥೆಗಳ ಮೇಲೆ ಒತ್ತಡ ಬೀಳಬಾರದು ಅನ್ನುವ ಕಾಳಜಿಯೂ ಅದರಲ್ಲಿತ್ತು. ನಿಮ್ಮ ಮಗನಿಗೆ ಪಕ್ಕದ ಮೇಜಿನಿಂದ ಬಂದದ್ದೂ ಹೆಚ್ಚುಕಡಿಮೆ ಇದೇ ಉತ್ತರ.

ಎಲ್ಲ ಯಹೂದಿಗಳೂ ಹೀಗೇ ಅಂದುಕೊಳ್ಳಬೇಡಿ. ಅಮೆರಿಕದ ಸುಧಾರಣಾವಾದಿ ರಿಫಾರ್ಮ್ ಪಂಥದ ರಬ್ಬಿಗಳ ಸಭೆ 1996ರಲ್ಲೇ ಸರ್ಕಾರಿ ಮದುವೆಯ ಹಕ್ಕನ್ನು ಬೆಂಬಲಿಸಿತು. ಇಂಥ ಜೋಡಿಗಳಿಗೆ ಯಹೂದಿ ವಿಧಿ ನಡೆಸಿಕೊಡುವ ರಬ್ಬಿಗಳ ಬೆನ್ನಿಗೆ ನಿಂತದ್ದು 2000ದಲ್ಲಿ. ಅದಕ್ಕೆ ನಾಲ್ಕು ವರ್ಷ ಬೇಕಾಯಿತು. ಅಂದರೆ ಅವರೂ ಎರಡು ಪ್ರಶ್ನೆಯನ್ನು ಬೇರೆ ಬೇರೆ ಮಾಡಿಯೇ ಉತ್ತರಿಸಿದ್ದರು.

ಕನ್ಸರ್ವೇಟಿವ್ ಪಂಥದ ಕಥೆ ಇನ್ನೂ ಸ್ವಾರಸ್ಯ. ಇವರು ಹಲಾಖಾಕ್ಕೆ ಬದ್ಧರು, ಆದರೆ ಕಾಲಕ್ಕೆ ತಕ್ಕ ಹಾಗೆ ಅದು ಬೆಳೆಯುತ್ತದೆ ಎನ್ನುವವರು. 2006ರ ಡಿಸೆಂಬರ್ 6ರಂದು 25 ಜನರ ಅವರ ಶಾಸ್ತ್ರ ಸಮಿತಿ ಮತ ಹಾಕಿತು. ನಿಷೇಧ ಹಾಗೇ ಇರಲಿ ಎಂದ ಜೋಯಲ್ ರೋತ್ ಅವರ ಬರಹಕ್ಕೆ 13 ಮತ. ನಿಷೇಧದ ಹೆಚ್ಚಿನ ಪಾಲು ತೆಗೆಯಬೇಕು ಎಂದ ಡಾರ್ಫ್, ನೆವಿನ್ಸ್, ರೈಸ್ನರ್ ಅವರ ಬರಹಕ್ಕೂ 13 ಮತ. ಲೆಕ್ಕ ಹಾಕಿ ನೋಡಿ, ಎರಡಕ್ಕೂ ಕೈ ಎತ್ತಿದವರು ಇರಲೇಬೇಕು. ಆ ಸಮಿತಿಯಲ್ಲಿ 6 ಮತ ಬಿದ್ದರೆ ಸಾಕು, ಆ ಅಭಿಪ್ರಾಯಕ್ಕೆ ಮಾನ್ಯತೆ ಸಿಗುತ್ತದೆ. ಹಾಗಾಗಿ ಎರಡೂ ಮಾನ್ಯವಾದವು. ಬೇಸರದಿಂದ ನಾಲ್ವರು ಸಮಿತಿ ಬಿಟ್ಟರು.

ಈ ಎರಡನೇ ಬರಹದ ಅಡಿಪಾಯ ತಾಲ್ಮುದ್‌ನ ಒಂದು ಮಾತು: 'ಮನುಷ್ಯನ ಘನತೆ ದೊಡ್ಡದು, ಅದು ತೋರಾದ ಒಂದು ನಿಷೇಧವನ್ನೂ ಬದಿಗೆ ಸರಿಸುತ್ತದೆ.' ಈ ಮಾತನ್ನು ತಾಲ್ಮುದ್ ತಾನೇ ಕಟ್ಟಿಹಾಕುತ್ತದೆ, ರಬ್ಬಿಗಳು ಮಾಡಿದ ನಿಷೇಧಕ್ಕೆ ಮಾತ್ರ ಇದು ಅನ್ವಯ ಅಂತ. ಮೂವರು ಲೇಖಕರು ಆ ಕಟ್ಟನ್ನು ಮೀರಲಿಲ್ಲ. ಯಾಜಕಕಾಂಡ ನೇರವಾಗಿ ಹೇಳಿದ್ದು ಗಂಡಸರ ನಡುವಿನ ಗುದಸಂಭೋಗವನ್ನು ಎಂದು ಓದಿ, ಅದನ್ನು ನಿಷಿದ್ಧವಾಗಿಯೇ ಇಟ್ಟರು. ಅದರ ಸುತ್ತ ರಬ್ಬಿಗಳು ಹಾಕಿದ ಬೇಲಿಯನ್ನು, ಮನುಷ್ಯರ ಘನತೆಯ ಹೆಸರಲ್ಲಿ ತೆಗೆದರು. ಮೇಲುನೋಟಕ್ಕೆ ಇದು ಬರೀ ಶಬ್ದದ ಕಸರತ್ತು ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಪ್ರೀತಿಸಿದ ಗ್ರಂಥವನ್ನು ಹರಿಯದೆ, ಎದುರಿಗೆ ನಿಂತ ಮನುಷ್ಯನನ್ನೂ ನೂಕದೆ ದಾರಿ ಹುಡುಕುವ ಕಷ್ಟ ಅಲ್ಲಿ ಕಾಣುತ್ತದೆ. 2012ರಲ್ಲಿ ಇದೇ ಪಂಥ ಸಲಿಂಗ ಜೋಡಿಗಳಿಗಾಗಿ ಮದುವೆಯ ವಿಧಿಗಳನ್ನೂ ಬರೆಯಿತು. ಆಗಲೂ ಅದನ್ನು ಕಿದ್ದುಶಿನ್ ಎಂದು ಕರೆಯಲಿಲ್ಲ. ಒಲಿದವರ ಒಡಂಬಡಿಕೆ ಎಂಬ ಬೇರೆ ಚೌಕಟ್ಟು ಕೊಟ್ಟಿತು.

ಇಂಗ್ಲೆಂಡಿನದು ಒಂದೇ ಮಾತಲ್ಲಿ ಮುಗಿಯುತ್ತದೆ. 2013ರ ಅಲ್ಲಿನ ಕಾನೂನು ಆಯಾ ಧರ್ಮಸಂಸ್ಥೆಯ ಇಷ್ಟಕ್ಕೆ ಬಿಟ್ಟಿದೆ. ಲಿಬರಲ್ ಮತ್ತು ರಿಫಾರ್ಮ್ ಯಹೂದಿಗಳು ಹೂಂ ಅಂದರು, ಚೀಫ್ ರಬ್ಬಿಯ ಸಂಪ್ರದಾಯಸ್ಥ ಸಂಸ್ಥೆ ಯುನೈಟೆಡ್ ಸಿನಗಾಗ್ ಊಹೂಂ ಅಂದಿತು.

ಇನ್ನು ಇಸ್ರೇಲ್. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾವು ತಪ್ಪಿದ್ದು ಇಲ್ಲೇ.

ನ್ಯೂಜೆರ್ಸಿಯ ಆ ಸಹೋದ್ಯೋಗಿ 'ಅದು ಬೇರೆ ವಿಷಯ' ಅನ್ನಬಲ್ಲರು, ಯಾಕೆಂದರೆ ಅಲ್ಲಿ ಎರಡು ಬಾಗಿಲು ಇವೆ. ಇಸ್ರೇಲ್‌ನಲ್ಲಿ ಇರುವುದು ಒಂದೇ. ಆಟೊಮನ್ ತುರ್ಕರ ಆಳ್ವಿಕೆಯ ಕಾಲದಿಂದ ಮದುವೆ ಆಯಾ ಧರ್ಮದವರ ಕೈಯಲ್ಲೇ ಇತ್ತು. ಇಸ್ರೇಲ್ 1953ರ ಕಾನೂನಿನಲ್ಲಿ ಅದನ್ನೇ ಮುಂದುವರಿಸಿತು. ಇಸ್ರೇಲ್‌ನೊಳಗೆ ಯಹೂದಿಗಳ ಮದುವೆ ಮತ್ತು ವಿಚ್ಛೇದನ ತೋರಾದ ಕಾನೂನಿನಂತೆಯೇ ನಡೆಯಬೇಕು, ರಬ್ಬಿಗಳ ಕೋರ್ಟಿನ ಅಡಿಯಲ್ಲಿ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇದೆ ನೋಡಿ, ಅಂಥದ್ದು ಅಲ್ಲಿಲ್ಲ. ಆದ್ದರಿಂದ ಅಲ್ಲಿ ಮದುವೆ ಆಗಲಾರದವರು ಸಲಿಂಗಿಗಳು ಮಾತ್ರ ಅಲ್ಲ. ಕೊಹೆನ್ ವಂಶದವನಿಗೆ ವಿಚ್ಛೇದಿತೆಯನ್ನು ಮದುವೆಯಾಗಲು ಆಗುವುದಿಲ್ಲ. ಸೋವಿಯತ್ ಒಕ್ಕೂಟದಿಂದ ಬಂದವರಲ್ಲಿ ತಾಯಿ ಯಹೂದಿ ಅಲ್ಲದ ಎಷ್ಟೋ ಜನ ಸೈನ್ಯದಲ್ಲಿ ದುಡಿಯುತ್ತಾರೆ, ತೆರಿಗೆ ಕಟ್ಟುತ್ತಾರೆ. ರಬ್ಬಿಗಳ ಎದುರು ಮಾತ್ರ ಮದುವೆಗೆ ಲೆಕ್ಕಕ್ಕಿಲ್ಲ. ಇಂಥ ಗಂಡು ಹೆಣ್ಣು ಜೋಡಿಗಳಲ್ಲಿ ಎಷ್ಟೋ ಜನ ಏನು ಮಾಡುತ್ತಾರೆ? ವಿಮಾನ ಹತ್ತಿ ಸೈಪ್ರಸ್‌ಗೆ ಹೋಗುತ್ತಾರೆ. ಹಾರಾಟ ಒಂದು ಗಂಟೆಯ ಆಸುಪಾಸು. ಅಲ್ಲಿನ ನಗರಸಭೆಯಲ್ಲಿ ಸಹಿ ಹಾಕಿ, ಪತ್ರ ಹಿಡಿದು ವಾಪಸ್ ಬರುತ್ತಾರೆ.

ಆ ಪತ್ರವನ್ನು ಗುಮಾಸ್ತ ಬರೆದುಕೊಳ್ಳಲೇಬೇಕು ಎಂದು ಇಸ್ರೇಲ್ ಸುಪ್ರೀಂ ಕೋರ್ಟ್ 1963ರಲ್ಲಿ ಫಂಕ್-ಶ್ಲೆಸಿಂಗರ್ ಪ್ರಕರಣದಲ್ಲಿ ಹೇಳಿತು. ಒಬ್ಬ ಬೆಲ್ಜಿಯನ್ ಕ್ರೈಸ್ತ ಹೆಣ್ಣು, ಒಬ್ಬ ಇಸ್ರೇಲಿ ಯಹೂದಿ ಗಂಡು, ಸೈಪ್ರಸ್‌ನಲ್ಲಿ ಆದ ಮದುವೆ. ಮದುವೆ ಸಿಂಧುವೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಗುಮಾಸ್ತನ ಕೆಲಸ ಅಲ್ಲ, ಅವನು ಅಂಕಿಅಂಶ ಸಂಗ್ರಹಿಸುವವನು ಅಷ್ಟೇ ಎಂದಿತು ಕೋರ್ಟ್. ನಲವತ್ತಮೂರು ವರ್ಷದ ನಂತರ, 2006ರ ನವೆಂಬರ್ 21ರಂದು, ಬೆನ್-ಆರಿ ಪ್ರಕರಣದಲ್ಲಿ ಅದೇ ತರ್ಕ ಕೆನಡಾದಲ್ಲಿ ಮದುವೆಯಾಗಿ ಬಂದ ಐದು ಸಲಿಂಗ ಜೋಡಿಗಳ ಕೈಹಿಡಿಯಿತು. ಏಳು ನ್ಯಾಯಮೂರ್ತಿಗಳಲ್ಲಿ ಆರು ಜನ ಒಪ್ಪಿದರು. ತೀರ್ಪು ಬರೆದ ಅಹರೋನ್ ಬರಾಕ್ ಒಂದನ್ನು ಒತ್ತಿ ಹೇಳಿದರು. ನಾವು ಇಲ್ಲಿ ನೋಂದಣಿಯ ಬಗ್ಗೆ ಮಾತ್ರ ಹೇಳುತ್ತಿದ್ದೇವೆ, ಈ ಮದುವೆಗೆ ಮಾನ್ಯತೆ ಇದೆಯಾ ಎಂಬ ಪ್ರಶ್ನೆಗೆ ಕೈ ಹಾಕಿಲ್ಲ ಎಂದು.

ನಾವು ಬಿಟ್ಟಿದ್ದು ಈ ಒಂದು ಮಾತನ್ನು.

ಇದರ ಬೆಲೆ ಏನು ಅಂತ ತಿಳಿಯಲು ಉಜಿ ಎವೆನ್ ಅವರ ಕಥೆ ನೋಡಿ. ರಸಾಯನಶಾಸ್ತ್ರದ ಪ್ರೊಫೆಸರ್, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ ಇಸ್ರೇಲ್ ಸಂಸತ್ತಿನ ಮೊದಲ ಸದಸ್ಯ. ಅವರೂ ಅಮಿತ್ ಕಾಮಾ ಅವರೂ 2004ರಲ್ಲಿ ಟೊರಾಂಟೊದಲ್ಲಿ ಮದುವೆಯಾದರು. ಆಮೇಲೆ ಬೇರೆಯಾಗಬೇಕಾಯಿತು. ಎಲ್ಲಿಗೆ ಹೋಗುವುದು? ವಿಚ್ಛೇದನದ ಅಧಿಕಾರ ರಬ್ಬಿಗಳ ಕೋರ್ಟಿನದು, ಆ ಕೋರ್ಟಿಗೆ ಇದು ಮದುವೆಯೇ ಅಲ್ಲ. ಕೆನಡಾದಲ್ಲಿ ವಿಚ್ಛೇದನ ಬೇಕಾದರೆ ಆಗ ಅಲ್ಲಿ ವಾಸ ಇರಬೇಕಿತ್ತು. ಕೊನೆಗೆ 2012ರಲ್ಲಿ ರಮತ್ ಗಾನ್‌ನ ಕುಟುಂಬ ನ್ಯಾಯಾಲಯ ಬಿಡುಗಡೆ ಕೊಟ್ಟಿತು. ಗಂಡು ಹೆಣ್ಣಿಗೆ ಸಿಗದ ಸೌಲಭ್ಯ ಇವರಿಗೆ ಸಿಕ್ಕಿತು ಅಂತ ಆಗ ಕೆಲವರು ಅಂದರು. ಅದೂ ನಿಜವೇ. ರಬ್ಬಿಗಳ ಕೋರ್ಟಿನಲ್ಲಿ ಗೆತ್‌ಗಾಗಿ ಕಾದು ಕೂತ ಹೆಂಗಸರಿಗೆ ಆ ಬಾಗಿಲು ಇವತ್ತಿಗೂ ತೆರೆದಿಲ್ಲ.

2022ರ ಡಿಸೆಂಬರ್‌ನಲ್ಲಿ ಅಮಿರ್ ಒಹಾನಾ ಇಸ್ರೇಲ್ ಸಂಸತ್ತಿನ ಸ್ಪೀಕರ್ ಆದರು. ಅವರಿಗೆ ಗಂಡು ಸಂಗಾತಿ, ಇಬ್ಬರು ಮಕ್ಕಳು. ಅವರನ್ನು ಆ ಕುರ್ಚಿಗೆ ತಂದ ಮೈತ್ರಿಕೂಟದಲ್ಲಿ ಕಟ್ಟಾ ಸಂಪ್ರದಾಯಸ್ಥ ಪಕ್ಷಗಳೂ ಇದ್ದವು. ಸಂಸತ್ತನ್ನೇ ನಡೆಸುವ ಮನುಷ್ಯ ತನ್ನ ದೇಶದ ನೆಲದಲ್ಲಿ ತನ್ನ ಸಂಗಾತಿಯನ್ನು ರಬ್ಬಿಗಳ ಎದುರು ಮದುವೆಯಾಗಲಾರ. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಹಲಾಖಾ ತನ್ನ ಹುಪ್ಪಾವನ್ನು ಕಾಯ್ದುಕೊಳ್ಳಲಿ, ಅದು ಅದರ ಹಕ್ಕು. ಆದರೆ ಸರ್ಕಾರದ ಪುಸ್ತಕವನ್ನೂ ಅದರ ಕೈಗೇ ಕೊಟ್ಟರೆ, ಧರ್ಮ ಒಪ್ಪದವನಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ನಿಮ್ಮ ಕಾಗದದ ಕೊನೆಯ ಸಾಲಿಗೆ ಬರುತ್ತೇನೆ. ಆ ಸಹೋದ್ಯೋಗಿಗೆ ಇಂಥ ಮಗನೋ ಮಗಳೋ ಹುಟ್ಟಿದ್ದರೆ ಆಗ ಏನು ಹೇಳುತ್ತಿದ್ದರು ಅಂತ ಕೇಳಿದ್ದೀರಿ. 'ಬೇರೆ ವಿಷಯ' ಎಂಬ ಮಾತು ಆಫೀಸಿನಲ್ಲಿ ನಡೆಯುತ್ತದೆ, ಊಟದ ಮೇಜಿನಲ್ಲಿ ನಡೆಯಲ್ಲ. 2010ರ ಜುಲೈನಲ್ಲಿ ಅಮೆರಿಕದ ಹಲವು ಆರ್ಥಡಾಕ್ಸ್ ರಬ್ಬಿಗಳು ಸಹಿ ಹಾಕಿದ ಒಂದು ಹೇಳಿಕೆ ಹೊರಬಂತು. ಸಲಿಂಗ ಮದುವೆಯ ವಿಧಿಗೆ ಹಲಾಖಾ ಆಶೀರ್ವಾದ ಕೊಡಲಾರದು ಅಂತ ಅದರಲ್ಲಿ ಬರೆದಿದೆ. ಜೊತೆಗೆ ಇಂಥ ಒಲವಿನವರನ್ನು ಸಿನಗಾಗಿಗೂ ಶಾಲೆಗೂ ಪೂರ್ತಿ ಸದಸ್ಯರಾಗಿ ಬರಮಾಡಿಕೊಳ್ಳಬೇಕು, ಸಲಿಂಗ ಜೋಡಿಗಳ ಮಕ್ಕಳನ್ನು ತಮ್ಮವರಾಗಿ ಅಪ್ಪಿಕೊಳ್ಳಬೇಕು ಎಂದೂ ಇದೆ. ಇನ್ನೊಂದು ಅಂಶವನ್ನು ನಾನು ಎರಡು ಸಲ ಓದಿದೆ. ಪೂರ್ತಿ ಸಲಿಂಗ ಒಲವಿನವರನ್ನು ಸಾಮಾನ್ಯವಾಗಿ ಬೇರೆ ಲಿಂಗದವರ ಜೊತೆ ಮದುವೆಗೆ ಪುಸಲಾಯಿಸಬಾರದು, ಅದು ದುರಂತಕ್ಕೆ, ಸುಳ್ಳಿಗೆ, ಹಾಳಾದ ಬದುಕುಗಳಿಗೆ ದಾರಿ ಎಂದು ಅದರಲ್ಲಿದೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ಹೇಳುವವರು ನಮ್ಮ ಊರುಗಳಲ್ಲೂ ಇದ್ದಾರೆ, ನಿಮಗೂ ಗೊತ್ತು. ಆ ಮಾತನ್ನು ನಂಬಿ ಧಾರೆ ಎರೆಸಿಕೊಂಡ ಹೆಣ್ಣುಮಕ್ಕಳ ಕಾಗದಗಳು ಈ ಕಚೇರಿಗೆ ಬಂದಿವೆ.

ನಿಮ್ಮ ಮಗನಿಗೆ ನನ್ನ ನಮಸ್ಕಾರ ತಿಳಿಸಿ. ಆ ಸಹೋದ್ಯೋಗಿಯನ್ನು ಮತ್ತೆ ಮಾತಿಗೆ ಎಳೆಯುವುದಾದರೆ, ಮದುವೆಗೆ ಯಾಕೆ ಹೋಗಲಿಲ್ಲ ಅಂತ ಕೇಳುವ ಬದಲು ಆ ಕಾರ್ಡಿನಲ್ಲಿ ಏನು ಬರೆದರು ಅಂತ ಕೇಳಲಿ. ನನಗೂ ಬರೆದು ತಿಳಿಸಿ.

ತಿದ್ದುಪಡಿ: ಕಳೆದ ಸಂಚಿಕೆಯಲ್ಲಿ 'ಇಸ್ರೇಲ್ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟ ದೇಶ' ಎಂದು ಅಚ್ಚಾಗಿತ್ತು. ಅದನ್ನು 'ಬೇರೆ ದೇಶದಲ್ಲಿ ಆದ ಸಲಿಂಗ ಮದುವೆಯನ್ನು ಇಸ್ರೇಲ್ 2006ರಿಂದ ನೋಂದಾಯಿಸುತ್ತದೆ, ತನ್ನ ನೆಲದಲ್ಲಿ ಅಂಥ ಮದುವೆ ಮಾಡಿಸುವುದಿಲ್ಲ' ಎಂದು ಓದಿಕೊಳ್ಳಬೇಕು. ತಪ್ಪು ನಮ್ಮದು. ತೋರಿಸಿಕೊಟ್ಟ ನಿಮಗೆ ಕೃತಜ್ಞತೆ.

– ಸಂಪಾದಕ